ಪರದೆಯ ಮೇಲಿನ ಮೊಳೆ

ಹೋದ ತಿಂಗಳು ದೊಮ್ಮಲೂರಿಗೆ ವರದಣ್ಣನನ್ನು ನೋಡಲು ಹೋಗಿದ್ದೆ. ಬಸ್ಸಿಳಿದು ಅವನ ಬೀದಿಗೆ ತಿರುಗುವ ಮೂಲೆಯಲ್ಲಿ ಒಬ್ಬ ಬಡಗಿ, ಇದ್ದಿಲ ಒಲೆಯ ಮೇಲೆ ತಗಡಿನ ಡಬ್ಬ ಇಟ್ಟು ಮರವಜ್ರ ಕುದಿಸುತ್ತಿದ್ದ. ಈಗ ಯಾರು ಅದನ್ನು ಕುದಿಸುತ್ತಾರೆ? ಅಂಗಡಿಯಲ್ಲಿ ಬಿಳಿ ಅಂಟು ಸಿಗುತ್ತದೆ. ಚರ್ಮವೂ ಮೂಳೆಯೂ ಒಟ್ಟಿಗೆ ಬೆಂದಂಥ ಆ ನಾತಕ್ಕೆ ಹೋಗುವವರು ಬರುವವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಅಲ್ಲೇ ನಿಂತುಬಿಟ್ಟೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ನಾಟಕದ ಪರದೆಗೆ ಬಣ್ಣ ಕಲಸಿದ್ದು ಇದೇ ಅಂಟಿನಲ್ಲಿ. ಆ ಮಳೆಗಾಲವೆಲ್ಲ ನನ್ನ ಸೀರೆಗೆ ಈ ನಾತ ಹತ್ತಿಕೊಂಡಿತ್ತು.

ವರದಣ್ಣ ನನ್ನ ಒಡಹುಟ್ಟಿದವನಲ್ಲ. ಹಲಸೂರಿನಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆಗಿದ್ದವನು, ವಿಮಾನದ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದವನು. ಆ ನಾಟಕವನ್ನು ಬರೆದವನೂ ಆಡಿಸಿದವನೂ ಅವನೇ. ಈಗ ಕಣ್ಣು ಮಂಜಾಗಿದೆ, ಮಾತು ಚುರುಕಾಗಿಯೇ ಇದೆ. ಬಡಗಿಯ ಒಲೆಯ ವಿಷಯ ಹೇಳಿದ್ದೇ ತಡ, ಅವನೂ ಆ ವರ್ಷಕ್ಕೆ ಹೋಗಿಬಿಟ್ಟ.

"ಆವತ್ತು ನೀನು ಮಂಗಳ ಎಷ್ಟು ಚೆನ್ನಾಗಿ ಹಾಡಿದ್ದೆ ಶಾರದಾ" ಎಂದ.

ನಾನು ಹಾಡಲಿಲ್ಲ ಎಂದೆ. ಅವನು ನಕ್ಕ. ರಾಗ ಯಾವುದೆಂದು ಕೂಡ ಹೇಳಿದ, ಮೊದಲ ಸಾಲು ಗುನುಗಿ ತೋರಿಸಿದ. ಆಮೇಲೆ ವಕೀಲನ ಹಾಗೆ ಬೆರಳೆತ್ತಿ, "ಹಾಡದೆ ಪರದೆ ಹೇಗೆ ಬಿತ್ತು? ಅದನ್ನ ಹೇಳು" ಎಂದ. ಅಷ್ಟರಲ್ಲಿ ಸೊಸೆ ಕಾಫಿ ತಂದಳು.

ನನ್ನ ನೆನಪನ್ನು ನಾನು ಸುಲಭವಾಗಿ ನಂಬುವವಳಲ್ಲ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತಿರುವುದು ಅದಕ್ಕೇ. ನೆನಪು ನನಗೆ ಅನುಕೂಲವಾಗುವಂತೆ ಕತೆ ಕಟ್ಟುವುದನ್ನು ಎಷ್ಟೋ ಸಲ ಹಿಡಿದಿದ್ದೇನೆ. ಮನೆಗೆ ಬಂದು ಆ ವರ್ಷದ್ದನ್ನು ತೆಗೆದೆ. ಆ ಸಂಜೆಯ ಕೆಳಗೆ ಇದ್ದದ್ದು ಇಷ್ಟೇ: "ನಾಟಕ ಆಯಿತು. ಅಂಗೈ ಉರಿ. ಅಪ್ಪ ಮಾತಾಡಲಿಲ್ಲ." ಮಂಗಳದ ಸುದ್ದಿಯೇ ಇಲ್ಲ. ಹಾಗಾಗಿ ಈಗ ಕೂತು ಬರೆಯಬೇಕಾಗಿದೆ.

ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದ ವರ್ಷ ಅದು. ಮದುವೆಗೆ ಗಂಡು ನೋಡುತ್ತಿದ್ದರು, ನಾನು ಕೆಲಸ ನೋಡುತ್ತಿದ್ದೆ, ಎರಡೂ ಸಿಕ್ಕಿರಲಿಲ್ಲ. ಕಂಟೋನ್ಮೆಂಟಿನ ಬೀದಿಗಳಲ್ಲಿ ಹಗಲೆಲ್ಲ ಮಿಲಿಟರಿ ಲಾರಿಗಳು. ಕಿಟಕಿಗಳಿಗೆ ಕಪ್ಪು ಕಾಗದ. ಸೀಮೆಎಣ್ಣೆಗೆ ಸಾಲು, ಅಕ್ಕಿಗೆ ಸಾಲು. ಆ ಆಷಾಢದಲ್ಲಿ ಸುರಿಯುವ ಮಳೆ ಬಂದ ನೆನಪಿಲ್ಲ. ಗಾಳಿ, ಜಿನುಗು, ಮತ್ತೆ ಗಾಳಿ. ಕೆರೆಯ ಕಡೆಯಿಂದ ಬೀಸಿ ಬಂದು ಒಣಹಾಕಿದ ಪರದೆಯನ್ನು ಹಾಯಿಯಂತೆ ಉಬ್ಬಿಸುತ್ತಿತ್ತು.

ಹಲಸೂರಿನಲ್ಲಿ ನಡೆಯುತ್ತಿದ್ದುದು ಹೆಚ್ಚಾಗಿ ತಮಿಳು ನಾಟಕ. ಕನ್ನಡದಲ್ಲಿ ಒಂದು ಆಡಿಯೇ ತೀರಬೇಕೆಂದು ವರದಣ್ಣ ಮತ್ತು ಕಾರ್ಖಾನೆಯ ನಾಲ್ಕಾರು ಗೆಳೆಯರು ಸಂಘ ಮಾಡಿಕೊಂಡಿದ್ದರು. ಮರದ ವ್ಯಾಪಾರಿಯೊಬ್ಬರು ಅಧ್ಯಕ್ಷರು. ಅಭ್ಯಾಸಕ್ಕೆ ಶೆಡ್ಡೂ ಆಟಕ್ಕೆ ಜನ ಕೂರುವ ಹಾಲೂ ಅವರದೇ. ಹೆಣ್ಣುಪಾತ್ರ ಮಾಡುತ್ತಿದ್ದ ಫಿಟ್ಟರಿಗೆ ಎರಡನೆಯ ಪಾಳಿ ಬಿದ್ದು, ವರದಣ್ಣ ನನ್ನನ್ನು ಕೇಳಿದ. ನಾನು ಕೂಡಲೇ ಒಪ್ಪಿದೆ. ಧೈರ್ಯವೆಂದು ಹೇಳಿಕೊಳ್ಳಲಾರೆ. ಮನೆಯಲ್ಲಿ ಕೂತು ಸಾಕಾಗಿತ್ತು.

ಅಪ್ಪ ಅಂಚೆ ಕಚೇರಿಯಲ್ಲಿದ್ದರು, ಗಟ್ಟಿಯಾಗಿ ಮಾತಾಡಿದವರಲ್ಲ. ಎರಡು ದಿನ ಏನೂ ಹೇಳದೆ ಮೂರನೆಯ ದಿನ ಒಂದೇ ಷರತ್ತು ಹಾಕಿದರು. ನಾಟಕದಲ್ಲಿ ಏನೇ ಅಳು ಇರಲಿ, ಕೊನೆಗೆ ಮಂಗಳ ಹಾಡಿ ಬರಬೇಕು. ಮನೆಯ ಹೆಣ್ಣುಮಗಳು ರಂಗದ ಮೇಲೆ ಅಳುತ್ತಿದ್ದಾಗಲೇ ಪರದೆ ಬಿತ್ತು ಅಂತ ನಾಲ್ಕು ಜನ ಹೇಳಬಾರದು. ಆಗಲಿ ಎಂದೆ. ಕಂಪನಿ ನಾಟಕ ನೋಡಿ ಬೆಳೆದ ಯಾರಿಗೂ ಅದು ಷರತ್ತು ಅನ್ನಿಸುತ್ತಿರಲಿಲ್ಲ. ಮಂಗಳವಿಲ್ಲದೆ ನಾಟಕ ಮುಗಿಯುವುದುಂಟೆ?

ಕಷ್ಟವಿದ್ದದ್ದು ನಾಟಕದ ವಸ್ತುವಿನಲ್ಲಿ. ತಾಲ್ಲೂಕು ಕಚೇರಿಯ ಒಬ್ಬ ಪೇಷ್ಕಾರರಿಗೆ ಕೆಲಸ ಹೋಗಿದೆ. ಮನೆಯಲ್ಲಿ ಹೇಳಿಲ್ಲ. ದಿನಾ ಬೆಳಿಗ್ಗೆ ಜರಿಪೇಟ ಇಟ್ಟುಕೊಂಡು ಕಚೇರಿಗೆಂದು ಹೊರಡುತ್ತಾರೆ, ಸಂಜೆ ಬಂದು ಮೊಳೆಗೆ ಪೇಟ ಸಿಕ್ಕಿಸಿ ಸಾಹೇಬರ ಸುದ್ದಿ ಹೇಳುತ್ತಾರೆ. ಹೇಳಿ ಹೇಳಿ ತಾವೇ ನಂಬಿಬಿಟ್ಟಿದ್ದಾರೆ. ಕೊನೆಯ ಅಂಕದಲ್ಲಿ ಮಗಳು, ಅಂದರೆ ನಾನು, ನನಗೆಲ್ಲ ಗೊತ್ತು ಅನ್ನುತ್ತೇನೆ. ಅವರು ಕುಸಿದು ಬೀಳುತ್ತಾರೆ.

ಇದು ಯಾರ ಕತೆ ಎಂದು ನಮ್ಮ ಬೀದಿಯ ಮಕ್ಕಳಿಗೂ ಗೊತ್ತಾಗುವಂತಿತ್ತು. ನಮ್ಮ ಬೀದಿಯ ಕೊನೆಯಲ್ಲಿದ್ದ ನಂಜುಂಡಪ್ಪನವರು ಒಂದು ಕಾಲಕ್ಕೆ ಕಂಪನಿಯಲ್ಲಿ ರಾಜಪಾತ್ರ ಮಾಡಿದವರು. ಕಂಪನಿ ಹುಬ್ಬಳ್ಳಿ ಕಡೆ ಎಲ್ಲೋ ನಿಂತುಹೋದಾಗ ಮಾಲೀಕರು, ನೀವು ಊರಿಗೆ ನಡೀರಿ, ಪರದೆ ಪೆಟ್ಟಿಗೆಗಳನ್ನು ಗೂಡ್ಸಿನಲ್ಲಿ ಕಂಟೋನ್ಮೆಂಟಿಗೆ ಕಳಿಸ್ತೀನಿ, ಅಲ್ಲೇ ಕ್ಯಾಂಪ್ ಹಾಕೋಣ ಎಂದಿದ್ದರಂತೆ. ಅದಾಗಿ ವರ್ಷಗಳು ಕಳೆದಿದ್ದವು. ನಂಜುಂಡಪ್ಪನವರು ದಿನಾ ಬೆಳಿಗ್ಗೆ ಮುಚ್ಚುಕೋಟು ಹಾಕಿ, ಹೆಂಡತಿ ಗೌರಮ್ಮ ಒರೆಸಿಟ್ಟ ಜರಿಪೇಟ ಧರಿಸಿ, ಕೊಡೆ ಹಿಡಿದು ಸ್ಟೇಷನ್ನಿನ ಗೂಡ್ಸ್ ಶೆಡ್ಡಿಗೆ ನಡೆದು ಹೋಗುತ್ತಿದ್ದರು. ಗೌರಮ್ಮ ಬೆನ್ಸನ್ ಟೌನಿನ ಒಂದು ಮನೆಯಲ್ಲಿ ಅಡಿಗೆ ಮಾಡಿ ಸಂಸಾರ ನಡೆಸುತ್ತಿದ್ದರು. ಬೀದಿಯಲ್ಲಿ ಯಾರಾದರೂ, "ಪರದೆ ಬಂತಾ ಸ್ವಾಮಿ?" ಎಂದರೆ ನಂಜುಂಡಪ್ಪನವರಿಗೆ ಉತ್ತರ ಸಿದ್ಧವಿತ್ತು. ಹುಬ್ಬಳ್ಳಿ ಬಿಟ್ಟಿದೆಯಂತೆ, ಮಿಲಿಟರಿ ಸಾಮಾನು ಜಾಸ್ತಿ ನೋಡಿ, ನಮ್ಮ ವ್ಯಾಗನ್ನು ಹಿಂದೆ ನಿಂತಿದೆ. ಅವರಿಗೆ ಯುದ್ಧದಿಂದ ಒಳ್ಳೆಯ ಸಮಾಧಾನವೇ ಸಿಕ್ಕಿತ್ತು.

ಅವರನ್ನು ನೋಡಿಯೇ ವರದಣ್ಣ ನಾಟಕ ಬರೆದಿದ್ದ. ಬರೆದು, ಪೇಷ್ಕಾರರ ಪಾತ್ರಕ್ಕೆ ಊರಲ್ಲಿ ಬೇರೆ ನಟರಿಲ್ಲವೆಂದು ಅವರ ಕೈಗೇ ಕೊಟ್ಟಿದ್ದ. ಗೂಡ್ಸ್ ಶೆಡ್ಡನ್ನು ಕಚೇರಿ ಮಾಡಿದ್ದೇನೆ, ಗೊತ್ತಾಗಲ್ಲ ಎಂದು ನಮಗೆ ಹೇಳಿದ. ನಾವೂ ನಂಬಿದೆವು. ಬಿ.ಎ. ಓದಿದವಳು, ನಕ್ಷೆ ಬರೆಯುವವನು, ಎಲ್ಲರೂ ಸೇರಿ ಒಬ್ಬ ಮುದುಕರು ತಮ್ಮ ಮುಖವನ್ನು ಗುರುತಿಸಲಾರರು ಎಂದು ನಂಬಿದ್ದನ್ನು ನೆನೆದರೆ, ಆ ಅಭ್ಯಾಸದ ಶೆಡ್ಡಿನಲ್ಲಿ ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಿದ್ದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಅವರಿಗೆ ಗೊತ್ತಾದರೆ ಏನಾಗುತ್ತದೋ ಎಂಬ ಹೆದರಿಕೆ ಮಾತ್ರ ನಮ್ಮೆಲ್ಲರಿಗೂ ಇತ್ತು. ಪಾತ್ರವಷ್ಟೇ ಅಲ್ಲ, ಮನುಷ್ಯರೇ ಕೈಬಿಟ್ಟುಹೋದರೆ?

ಅಭ್ಯಾಸ ಸಂಜೆ ಹೊತ್ತು. ಬ್ಲ್ಯಾಕ್‌ಪಳ್ಳಿಯಲ್ಲಿ, ಅಂದರೆ ಈಗಿನ ಶಿವಾಜಿನಗರದಲ್ಲಿ, ಹಾರ್ಮೋನಿಯಂ ರಿಪೇರಿ ಅಂಗಡಿ ಇಟ್ಟಿದ್ದ ರಹೀಂ ಸಾಹೇಬರು ಪೆಟ್ಟಿಗೆ ತಂದು ಕೂರುತ್ತಿದ್ದರು. ಅವರೂ ನಂಜುಂಡಪ್ಪನವರೂ ಹಳೆಯ ಕಂಪನಿ ಜೊತೆಗಾರರು. ಇಬ್ಬರೂ ಸೇರಿದರೆ ಹಳೆಯ ಆಟಗಳ ಮಾತು. ಆಗಿನ ಪದ್ಧತಿಯಲ್ಲಿ ಹಾಡು ಹಿಡಿಸಿದರೆ ಜನ "ಒನ್ಸ್ ಮೋರ್" ಎಂದು ಕೂಗುವರು, ನಟ ಮತ್ತೆ ಹಾಡಲೇಬೇಕು, ಸತ್ತು ಬಿದ್ದಿದ್ದರೂ ಏಳಬೇಕು. ಬಾಣ ತಗುಲಿ ಸತ್ತ ಮೇಲೆ ಮೂರು ಸಲ ಎದ್ದು ಹಾಡಿ ಮೂರು ಸಲ ಸತ್ತೆ ಎಂದು ನಂಜುಂಡಪ್ಪನವರು ಹೇಳುವರು. ರಹೀಂ ಸಾಹೇಬರು, "ನಾಲ್ಕನೇದಕ್ಕೆ ನನ್ನ ಪೆಟ್ಟಿಗೇನೇ ಸತ್ತೋಯ್ತು ಬೇಟಿ" ಎನ್ನುವರು.

ಆದರೆ ನಮ್ಮ ನಾಟಕದಲ್ಲಿ ನಂಜುಂಡಪ್ಪನವರು ಬೀಳಲೇ ಇಲ್ಲ. ನನ್ನ ಕೊನೆಯ ಮಾತು ಮುಗಿಯುತ್ತಲೇ, "ಇಲ್ಲಿ ಬೀಳ್ತೀನಿ. ಮುಂದಕ್ಕೆ ನಡೀರಿ" ಎಂದು ನಿಂತೇ ಹೇಳಿ ಬೀಡಿ ಹಚ್ಚುವರು. ವರದಣ್ಣ ಎಷ್ಟು ಬೇಡಿಕೊಂಡರೂ ಅಷ್ಟೆ. ಇವರಿಗೆ ಬೀಳುವುದಕ್ಕೆ ಆಗುವುದಿಲ್ಲ ಎಂದು ನಾವು ಬೆನ್ನ ಹಿಂದೆ ಮಾತಾಡಿಕೊಂಡೆವು.

ಅಧ್ಯಕ್ಷರ ಗಲಾಟೆ ಬೇರೆ. ಮುದುಕ ಬಿದ್ದ ಮೇಲೆ ನಾಟಕ ಮುಗಿದರೆ ಜನ ಅಪಶಕುನ ಅಂತಾರೆ, ಪೇಷ್ಕಾರರಿಗೆ ಕೆಲಸ ವಾಪಸ್ಸು ಕೊಡಿಸಿ ಎಂದರು. ವರದಣ್ಣ ಒಪ್ಪಲಿಲ್ಲ. ಎರಡು ವಾರ ಜಗ್ಗಾಡಿ ಒಂದು ರಾಜಿಯಾಯಿತು: ಅವರು ಬೀಳಲಿ, ಆದರೆ ಮಗಳು ಕೂಡಲೇ ಮುಂದೆ ಬಂದು ಮಂಗಳ ಹಾಡಲಿ. ಅದೇ ಕ್ಷಣ ಪರದೆ. ಪರದೆಯ ಹಗ್ಗ ಹಿಡಿಯುವ ಮುನಿಸ್ವಾಮಿಗೆ ಇದನ್ನು ನೂರು ಸಲ ಹೇಳಿದರು. ಮಂಗಳ ಬಂದಾಗ ಬಿಡು, ಅದಕ್ಕೆ ಮುಂಚೆ ಕೈ ಸಡಿಲ ಮಾಡಬೇಡ.

ನಾಟಕಕ್ಕೆ ಒಂದು ವಾರ ಇರುವಾಗ ಹಿಂದಿನ ಪರದೆ ಸಿದ್ಧವಾಯಿತು. ಮರವಜ್ರದಲ್ಲಿ ಕಲಸಿದ ಬಣ್ಣದಲ್ಲಿ ವರದಣ್ಣ ಒಂದು ನಡುಮನೆಯ ಗೋಡೆ ಬರೆದಿದ್ದ. ಸುಣ್ಣ ಉದುರಿದ ಜಾಗ, ಗೂಡು, ಪೇಟಕ್ಕೊಂದು ಮೊಳೆ, ಮೊಳೆಯ ನೆರಳು. ನಕ್ಷೆಯ ಕೈ, ಎಲ್ಲ ನಿಜದ ಹಾಗೆ. ಮೊಳೆ ಎಷ್ಟು ನಿಜವಾಗಿತ್ತೆಂದರೆ ನಾನೇ ಒಮ್ಮೆ ಮುಟ್ಟಿ ನೋಡಿದ್ದೆ. ನಂಜುಂಡಪ್ಪನವರು ಶೆಡ್ಡಿಗೆ ಬಂದವರು ಕೊಡೆಯನ್ನು ಮೂಲೆಗಿಟ್ಟು ಆ ಪರದೆಯ ಮುಂದೆ ಬಹಳ ಹೊತ್ತು ನಿಂತರು. ಒಲೆಯ ಮೇಲೆ ಅಂಟು ಗುಳುಗುಳು ಎನ್ನುತ್ತಿತ್ತು.

"ವರದರಾಜ, ಮೊಳೆ ಒಂದು ಗೇಣು ಮೇಲಾಯ್ತಲ್ಲಪ್ಪ" ಎಂದರು. "ನಮ್ಮನೇಲಿ ಇಷ್ಟು ಎತ್ತರಕ್ಕಿಲ್ಲ. ಇಲ್ಲಿದೆ." ಎಂದು ಬೆರಳಿಟ್ಟು ತೋರಿಸಿದರು.

ವರದಣ್ಣನ ಕೈಯಲ್ಲಿದ್ದ ಕುಂಚದಿಂದ ಬಣ್ಣ ತೊಟ್ಟಿಕ್ಕುತ್ತಿತ್ತು. ಅವನು ಏನೋ ಹೇಳಲು ಹೋದ. ನಂಜುಂಡಪ್ಪನವರು ಕೇಳಿಸಿಕೊಳ್ಳಲಿಲ್ಲ.

"ಮೊದಲನೇ ದಿನ ಓದಿದಾಗಲೇ ಗೊತ್ತಾಯ್ತು. ನನ್ನ ಪಾತ್ರ ನಾನಲ್ಲದೆ ಇನ್ಯಾವನು ಮಾಡ್ತಾನೆ? ಮೊಳೆ ಸರಿಮಾಡು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬಾ ಅಮ್ಮಣ್ಣಿ, ಎರಡನೇ ಅಂಕ ತಗೊಳ್ಳೋಣ" ಎಂದರು. ಆವತ್ತೂ ಬೀಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅವರು ಎಂದಿನಂತೆ ಜರಿಪೇಟ ಇಟ್ಟುಕೊಂಡು ಸ್ಟೇಷನ್ನಿಗೆ ಹೋದದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ನನಗೆ ಅರ್ಥವಾಗಲಿಲ್ಲ. ತನಗೆ ಗೊತ್ತಿರುವುದನ್ನು ತನಗೇ ಗೊತ್ತಿಲ್ಲದ ಹಾಗೆ ಒಬ್ಬ ಮನುಷ್ಯ ಇಟ್ಟುಕೊಳ್ಳಬಹುದೆಂದು ನಾನು ಓದಿದ ಯಾವ ಪಾಠದಲ್ಲೂ ಇರಲಿಲ್ಲ.

ದೀಪ ಆರಿಸುವ ನಿಯಮವಿದ್ದುದರಿಂದ ಆಟ ಬೇಗನೆ ಶುರುವಾಯಿತು. ಹೊರಗೆ ಜಿನುಗು, ಒಳಗೆ ಒದ್ದೆ ಕೊಡೆಗಳ ವಾಸನೆ. ಹಾಲ್ ತುಂಬಿತ್ತು ಎಂದು ಬರೆಯಲು ಹೊರಟೆ. ತುಂಬಿತ್ತೋ ಇಲ್ಲವೋ, ಬೆಳಕು ನಮ್ಮ ಕಡೆಗಿತ್ತು, ನನಗೆ ಕಂಡದ್ದು ಮುಂದಿನ ಸಾಲುಗಳಷ್ಟೆ. ಅಧ್ಯಕ್ಷರು, ಅವರ ಪಕ್ಕ ನಂಜುಂಡಪ್ಪನವರ ಹಳೆಯ ಅಭಿಮಾನಿಗಳು, ಬಲಗಡೆ ಹೆಂಗಸರ ಬೆಂಚು. ಅಲ್ಲಿ ಗೌರಮ್ಮ. ಅಪ್ಪ ಬಂದಿರಲಿಲ್ಲ.

ಎರಡು ಅಂಕ ಚೆನ್ನಾಗಿ ನಡೆದವು. ಅವುಗಳಲ್ಲಿ ನಂಜುಂಡಪ್ಪನವರು ಪೇಟವನ್ನು ಮೊಳೆಗೆ ಸಿಕ್ಕಿಸಿದಂತೆ ತೋರಿಸಿ, ಅಭ್ಯಾಸದಲ್ಲಿ ಮಾಡಿದ ಹಾಗೆ ನನ್ನ ಕೈಗೆ ಕೊಟ್ಟಿದ್ದರು. ಜನ ನಗಬೇಕಾದಲ್ಲಿ ನಕ್ಕರು. ಕೊನೆಯ ಅಂಕದಲ್ಲಿ ಅವರು ಸಂಜೆ ಮನೆಗೆ ಬರುತ್ತಾರೆ. ನಾನು ಹೇಳಬೇಕಾದ್ದನ್ನು ಹೇಳಿದೆ: "ನಾಳೆ ಆಫೀಸಿಗೆ ಹೋಗೋದು ಬೇಡಪ್ಪ. ನನಗೆಲ್ಲ ಗೊತ್ತು." ಅವರು ನನ್ನನ್ನು ನೋಡಿದರು. ಪೇಟ ತೆಗೆದರು. ಮನೆಯಲ್ಲಿ ಹೇಗೋ ಹಾಗೆ, ತಿರುಗಿ ಸಹ ನೋಡದೆ, ಕೈ ಹಿಂದಕ್ಕೆ ಚಾಚಿ ಗೋಡೆಯ ಮೇಲಿನ ಮೊಳೆಗೆ ಸಿಕ್ಕಿಸಿದರು.

ಬಣ್ಣದ ಮೊಳೆ. ಪೇಟ ನೆಲಕ್ಕೆ ಬಿತ್ತು.

ಹಿಂದಿನ ಸಾಲುಗಳಲ್ಲಿ ಯಾರೋ ನಕ್ಕರು. ನಗು ಅಲ್ಲೇ ನಿಂತಿತು. ಅವರು ಪೇಟವನ್ನು ನೋಡಿದರು, ಗೋಡೆಯನ್ನು ನೋಡಿದರು, ಬೆರಳಿನಿಂದ ಮೊಳೆಯನ್ನು ಒಮ್ಮೆ ಸವರಿದರು. ಪರದೆ ಅಲುಗಿತು, ಇಡೀ ಗೋಡೆ ನಡುಗಿತು. ಆಮೇಲೆ ಅವರ ಮಂಡಿ ಮಡಚಿಕೊಂಡಿತು. ರಾಜರು ಬೀಳುವ ಹಾಗೆ ಬೀಳಲಿಲ್ಲ. ಬೆನ್ನು ಗೋಡೆಗೆ ಒರಗಿಸಲು ಹೋದರು, ಅಲ್ಲಿ ಗೋಡೆಯಿಲ್ಲದೆ ಪಕ್ಕಕ್ಕೆ ವಾಲಿ, ಕೈಯೂರಿ ಕೂತುಬಿಟ್ಟರು. ಅದು ಅಭಿನಯವೋ, ಅಭ್ಯಾಸಬಲದಿಂದ ಆದ ತಪ್ಪೋ, ಆವತ್ತೂ ತಿಳಿಯಲಿಲ್ಲ, ಇವತ್ತೂ ತಿಳಿಯದು. ಅವರ ಪಕ್ಕದಲ್ಲಿದ್ದ ನನಗೆ ಅವರ ಉಸಿರು ಕೇಳಿಸುತ್ತಿತ್ತು.

ಮುಂದಿನ ಸಾಲಿನಿಂದ ಒಬ್ಬ ಹಳೆಯ ಅಭಿಮಾನಿ ಎದ್ದು ಕೂಗಿದ: "ಒನ್ಸ್ ಮೋರ್!"

ಇನ್ನೂ ನಾಲ್ಕು ಜನ ಕೂಗಿದರು. ಕೆಟ್ಟ ಮನಸ್ಸಿನಿಂದಲ್ಲ. ಅವರಿಗೆ ಗೊತ್ತಿದ್ದ ಮೆಚ್ಚುಗೆ ಅದೊಂದೇ. ರಹೀಂ ಸಾಹೇಬರ ಬೆರಳು ತಂತಾನೇ ಶ್ರುತಿ ಹಿಡಿಯಿತು. ಹಾರ್ಮೋನಿಯಂ ಕೇಳುತ್ತಲೇ ನಂಜುಂಡಪ್ಪನವರ ತಲೆ ಮೇಲೆದ್ದಿತು, ಕುತ್ತಿಗೆಯ ನರ ಬಿಗಿಯಿತು. ಇವರು ಎದ್ದು ಹಾಡಿಬಿಡುತ್ತಾರೆ ಎಂದುಕೊಂಡೆ. ಜೀವಮಾನವೆಲ್ಲ ಎದ್ದಿದ್ದವರು.

ಅವರು ರಹೀಂ ಸಾಹೇಬರ ಕಡೆ ಕೈಯೆತ್ತಿ ಸಾಕು ಎಂದು ಸನ್ನೆ ಮಾಡಿದರು. ಶ್ರುತಿ ನಿಂತಿತು. ಜನರನ್ನು ನೋಡಿ, ಪಾತ್ರದ ದನಿಯಲ್ಲಲ್ಲ, ಬೀದಿಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು.

"ಇದಕ್ಕೆ ಒನ್ಸ್ ಮೋರ್ ಇಲ್ಲ."

ಈಗ ನನ್ನ ಸರದಿ. ರಹೀಂ ಸಾಹೇಬರು ಮಂಗಳದ ಶ್ರುತಿ ಕೊಟ್ಟರು. ಜನ ಎದ್ದು ನಿಂತರು, ಕೊಡೆ ಹುಡುಕಿಕೊಂಡರು. ಅಧ್ಯಕ್ಷರು ಕೈಮುಗಿದುಕೊಂಡರು. ನಾನು ಮುಂದೆ ಬರಬೇಕು, ಬಾಯಿ ತೆರೆಯಬೇಕು, ಅಪ್ಪನಿಗೆ ಕೊಟ್ಟ ಮಾತು ಉಳಿಯಬೇಕು. ಗಂಟಲು ಒಣಗಿತ್ತು ಎಂದು ಬರೆದು ಪಾರಾಗಬಹುದು. ಒಣಗಿರಲಿಲ್ಲ. ದನಿ ಅಲ್ಲೇ ಇತ್ತು, ಮೊದಲ ಅಕ್ಷರ ನಾಲಗೆಯ ಮೇಲಿತ್ತು. ನಾನು ಹಾಡಿದರೆ ಅವರು ಬಿದ್ದದ್ದು ಸುಳ್ಳಾಗುತ್ತಿತ್ತು. ನಾನು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ.

ಶ್ರುತಿ ಮತ್ತೊಮ್ಮೆ ಬಂತು. ನಾನು ಬಾಯಿ ಬಿಗಿದುಕೊಂಡೇ ಇದ್ದೆ.

ಮಂಗಳವಿಲ್ಲ, ಹಾಗಾಗಿ ಪರದೆ ಇಲ್ಲ. ರಂಗದ ಪಕ್ಕದ ಮರೆಯಲ್ಲಿ ವರದಣ್ಣ ಕೈ ಆಡಿಸುತ್ತಿದ್ದ. ಮುನಿಸ್ವಾಮಿ ಎರಡೂ ಕೈಯಲ್ಲಿ ಹಗ್ಗ ಹಿಡಿದು, "ಮಂಗಳಂ ಬರಲಿಲ್ವೇ, ಹೆಂಗೆ ಬಿಡೋದು?" ಎಂದು ಪಿಸುಗುಟ್ಟುತ್ತಿದ್ದದ್ದು ನನಗೆ ಕೇಳಿಸಿತು. ಮಂಗಳವಿಲ್ಲದೆ ಹೊರಡುವುದು ಜನರಿಗೂ ಗೊತ್ತಿರಲಿಲ್ಲ. ಎದ್ದವರು ಒಬ್ಬೊಬ್ಬರೇ ಮತ್ತೆ ಕೂತರು. ಅವರು ನಮ್ಮನ್ನು ನೋಡುತ್ತ, ನಾವು ಅವರನ್ನು ನೋಡುತ್ತ, ಪೂರ್ತಿ ಬೆಳಕಿನಲ್ಲಿ ಎಷ್ಟು ಹೊತ್ತು ಕೂತಿದ್ದೆವೋ. ಬಹಳ ಹೊತ್ತು ಎಂದು ನೆನಪು ಹೇಳುತ್ತದೆ. ಈ ವಿಷಯದಲ್ಲಿ ಅದನ್ನು ನಂಬಲಾರೆ.

ಹೆಂಗಸರ ಬೆಂಚಿನಿಂದ ಗೌರಮ್ಮ ಎದ್ದರು. ಸೆರಗು ಹೊದ್ದು, ಪಕ್ಕದ ಮೆಟ್ಟಿಲು ಹತ್ತಿ ರಂಗದ ಮೇಲೆ ಬಂದರು. ಬಿದ್ದಿದ್ದ ಪೇಟವನ್ನು ಎತ್ತಿಕೊಂಡು ಸೆರಗಿನಿಂದ ಧೂಳು ಒರೆಸಿದರು.

"ಏಳ್ರಿ, ಮನೆಗೆ ಹೋಗೋಣ. ಸಾರು ಆರಿಹೋಗುತ್ತೆ."

ಅವರು ಹೆಂಡತಿಯ ಕೈ ಹಿಡಿದು ಎದ್ದರು. ಒಳಗೆ ಹೋಗಿ ಬಣ್ಣ ತೆಗೆಯಲಿಲ್ಲ. ಇಬ್ಬರೂ ಮೆಟ್ಟಿಲಿಳಿದು, ಮುಖದ ಬಣ್ಣದಲ್ಲೇ, ಬರಿದಲೆಯಲ್ಲೇ, ಜನರ ನಡುವೆ ಹಾದು ಬಾಗಿಲಿಗೆ ನಡೆದರು. ಪೇಟ ಗೌರಮ್ಮನ ಕಂಕುಳಲ್ಲಿತ್ತು. ಯಾರೂ ಕೂಗಲಿಲ್ಲ. ಕೂತವರು ಕಾಲು ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟರು.

ಮೇಲೆ ನಾನೊಬ್ಬಳೇ. ಎದ್ದು ಪಕ್ಕಕ್ಕೆ ಹೋಗಿ ಮುನಿಸ್ವಾಮಿಯ ಕೈಯಿಂದ ಹಗ್ಗ ಕಿತ್ತುಕೊಂಡೆ. ಪರದೆಯ ಬುಡಕ್ಕೆ ಕಟ್ಟಿದ ಬಿದಿರು ಎಷ್ಟು ಭಾರವೆಂದು ನನಗೇನು ಗೊತ್ತು. ಹಗ್ಗ ಅಂಗೈಯನ್ನು ಸುಟ್ಟುಕೊಂಡು ಓಡಿತು.

ಸಂಘ ಆವತ್ತಿಗೇ ಮುಗಿಯಿತು. ಅಧ್ಯಕ್ಷರು ಶೆಡ್ಡಿನ ಬೀಗದಕೈ ಕೇಳಿ ಪಡೆದರು. ಅಪ್ಪನಿಗೆ ನಾನೇ ಹೇಳಿದೆ. ಅವರು ಮಾತಾಡಲಿಲ್ಲ. ಆದರೆ ಮುಂದೆ ನನ್ನನ್ನು ನೋಡಲು ಬಂದವರ ಮುಂದೆಲ್ಲ, ಒಂದು ನಾಟಕದಲ್ಲಿ ನಮ್ಮ ಶಾರದಾ ಮಂಗಳ ಹಾಡಿದಳು, ಸೊಗಸಾಗಿ ಹಾಡಿದಳು ಎಂದು ಹೇಳತೊಡಗಿದರು. ಮೊದಮೊದಲು ನನ್ನ ಮುಖ ತಪ್ಪಿಸಿ ಹೇಳುತ್ತಿದ್ದರು, ಆಮೇಲೆ ನನ್ನನ್ನೇ ನೋಡಿ ಹೇಳುತ್ತಿದ್ದರು. ಬೀದಿಗೂ ಅದೇ ಬೇಕಾಗಿತ್ತೇನೋ. ಕೆಲವು ವರ್ಷಗಳಲ್ಲಿ ಆ ಹಾಲಿನಲ್ಲಿದ್ದವರೆಲ್ಲ ನನ್ನ ಮಂಗಳ ಕೇಳಿದವರಾಗಿದ್ದರು. ಸಾಯುವವರೆಗೂ ನನ್ನ ಪರವಾಗಿದ್ದವರು ರಹೀಂ ಸಾಹೇಬರೊಬ್ಬರೇ. "ಎರಡು ಸಲ ಶ್ರುತಿ ಕೊಟ್ಟೆ, ಬಾಯಿ ತೆಗೀಲಿಲ್ಲ ಹುಡುಗಿ" ಎಂದು ಹೆಮ್ಮೆಯೋ ದೂರೋ ತಿಳಿಯದ ಹಾಗೆ ಹೇಳುವರು.

ನಾಟಕದ ಮಾರನೆಯ ಬೆಳಿಗ್ಗೆ ಅಂಗೈಗೆ ಬೆಣ್ಣೆ ಹಚ್ಚಿಕೊಂಡು ಬಾಗಿಲಲ್ಲಿ ಕೂತಿದ್ದೆ. ನಂಜುಂಡಪ್ಪನವರು ಕೊಡೆ ಹಿಡಿದು ಹೊರಟಿದ್ದರು. ತಲೆಯ ಮೇಲೆ ಪೇಟವಿರಲಿಲ್ಲ. ಎಲ್ಲಿಗೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರೇ ನಿಂತರು.

"ಸ್ಟೇಷನ್ನಿಗೆ ಅಮ್ಮಣ್ಣಿ. ಪರದೆ ಬರಲ್ಲ, ಗೊತ್ತು. ರೈಲು ಬರುತ್ತಲ್ಲ, ನೋಡ್ಕೊಂಡು ಬರ್ತೀನಿ."

ಆ ಮೇಲೆ ಯಾರಾದರೂ ಪರದೆ ಬಂತಾ ಎಂದು ಕೆಣಕಿದರೆ ಅವರು, "ಬಂತು, ಬಿತ್ತು, ನೀನೆಲ್ಲಿದ್ದೆ?" ಎನ್ನುತ್ತಿದ್ದರು.

ಇಷ್ಟು ಬರೆದ ಮೇಲೆ ನಿನ್ನೆ ಮತ್ತೆ ದೊಮ್ಮಲೂರಿಗೆ ಹೋದೆ. ಆವತ್ತಿನ ಗಾಳಿಯ ದಿಕ್ಕು, ಜನ ಎಷ್ಟಿದ್ದರೆಂಬುದು, ನಾವು ಎಷ್ಟು ಹೊತ್ತು ಕೂತಿದ್ದೆವೆಂಬುದು, ಇವನ್ನೆಲ್ಲ ಯಾರು ತಿದ್ದಿದರೂ ತಿದ್ದಿಸಿಕೊಳ್ಳುತ್ತೇನೆ. ವರದಣ್ಣ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಮಂಗಳ ಹಾಡಲಿಲ್ಲ ಎಂದೆ. ಅವನು ಅದೇ ಬೆರಳೆತ್ತಿದ.

"ಮತ್ತೆ ಪರದೆ ಹೇಗೆ ಬಿತ್ತು?"

"ನಾನೇ ಬಿಟ್ಟೆ" ಎಂದೆ.